ಅತ್ತಿಯ ಹೂವು ಯಾರಿಗೂ ಯಾಕೆ ಕಾಣಿಸುವುದಿಲ್ಲ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲದ ಮಾತು ಇದು. ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ಹುಡುಕುತ್ತಿದ್ದವು. ಸೂರ್ಯನಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಕೆಲವು ದಿನ ಮಧ್ಯಾಹ್ನವೇ ಮುಳುಗಿಬಿಟ್ಟು, ತಪ್ಪಾಯಿತೆಂದು ಮತ್ತೆ ಎದ್ದು ಬರುತ್ತಿದ್ದ. ಆಗ ಮರಗಳಿಗೆ ಮಾತು ಬರುತ್ತಿತ್ತು, ಗಾಳಿಗೆ ಬರುತ್ತಿತ್ತು, ಹೊಳೆಗಂತೂ ಮಾತು ನಿಲ್ಲುತ್ತಲೇ ಇರಲಿಲ್ಲ.

ದಿನ ಬೆಳಗಾದರೆ ಹೊಸ ಮರಗಳು ಹುಟ್ಟುತ್ತಿದ್ದವು. ಹುಟ್ಟಿದ ಮರಕ್ಕೊಂದು ಹೆಸರು ಬೇಕು. ಹೆಸರಿಲ್ಲದ ಮರದ ಬೇರನ್ನು ನೆಲ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿರಲಿಲ್ಲ. ಮುಂಗಾರು ಬಂದು ಹೊಳೆ ಏರಿದಾಗ ಹೆಸರಿದ್ದವು ನಿಲ್ಲುತ್ತಿದ್ದವು, ಹೆಸರಿಲ್ಲದವು ಬೇರುಸಮೇತ ಕೊಚ್ಚಿಹೋಗುತ್ತಿದ್ದವು. ಅದು ಆಗಿನ ಕಟ್ಟಳೆ. ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಇಂಥ ಕಟ್ಟಳೆ ಮಾಡಿದವರು ನಾವು ಕೇಳುವ ಹೊತ್ತಿಗೆ ಎಲ್ಲೋ ಹೋಗಿಬಿಟ್ಟಿರುತ್ತಾರೆ.

ಹೊಳೆಯ ದಂಡೆಯಲ್ಲಿ ಅಗಲವಾದ ಒಂದು ಹಾಸುಬಂಡೆ ಇತ್ತು. ಅದರ ಸುತ್ತ ಮರ, ಮೃಗ, ಹಕ್ಕಿ ಎಲ್ಲ ಸೇರಿ ಹೊಸ ಮರಕ್ಕೆ ಹೆಸರಿಡುತ್ತಿದ್ದರು. ಸೇರಿದವರೆಲ್ಲ ಒಂದೇ ದನಿಯಲ್ಲಿ ಹೇಳುತ್ತಿದ್ದರು: ಹೂವು ತೋರಿಸು, ಹಣ್ಣು ಕೊಡು, ಹೆಸರು ತಗೋ. ಮೊದಲು ಮರ ತನ್ನ ಹೂವನ್ನು ತೋರಿಸಬೇಕು. ಆಮೇಲೆ ತನ್ನ ಹಣ್ಣನ್ನು ಕೊಡಬೇಕು. ರುಚಿ ನೋಡುವವನು ರುಚಿ ನೋಡಿ, ಇದು ಇಂಥ ಜಾತಿ, ಇದರ ಹೆಸರು ಇದು ಎಂದು ಹೇಳಬೇಕು. ಅವನು ಹೇಳಿದ್ದನ್ನು ಗಾಳಿ ಊರಿಗೆಲ್ಲ ಸಾರಿಕೊಂಡು ಬರುತ್ತಿದ್ದ.

ರುಚಿ ನೋಡುವ ಕೆಲಸ ಮಂಗಟ್ಟೆಯದು. ಮಂಗಟ್ಟೆ ಅಂದರೆ ಗೊತ್ತಲ್ಲ, ಮೈಗಿಂತ ಕೊಕ್ಕೇ ಮೊದಲು ಕಾಣಿಸುವ ಹಕ್ಕಿ. ಆ ಕೊಕ್ಕಿನ ಗಾತ್ರ ನೋಡಿಯೇ ಅವನನ್ನು ಯಜಮಾನ ಮಾಡಿದ್ದರು. ಇಷ್ಟು ದೊಡ್ಡ ಬಾಯಿ ಇರುವವನಿಗೆ ರುಚಿ ಗೊತ್ತಿಲ್ಲದೆ ಇರುತ್ತದೆಯೇ ಎಂದು ಎಲ್ಲರೂ ಅಂದುಕೊಂಡರು. ದೊಡ್ಡ ಬಾಯಿಯವರ ವಿಷಯದಲ್ಲಿ ಜನ ಈಗಲೂ ಹೀಗೇ ಅಂದುಕೊಳ್ಳುತ್ತಾರೆ.

ಅವನು ಮರದ ತುತ್ತತುದಿಯ ಕೊಂಬೆಗೆ ಹೋಗಿ ಕೂರುತ್ತಿದ್ದ. ಅಲ್ಲಿಂದ ಒಂದು ಹಣ್ಣು ಕಿತ್ತು, ಮೇಲಕ್ಕೆ ಚಿಮ್ಮಿ, ಗಂಟಲಿಗೇ ಬೀಳಿಸಿಕೊಂಡು ನುಂಗುತ್ತಿದ್ದ. ಒಂದೇ ಹಣ್ಣು, ಒಂದೇ ಮಾತು. ಮಾವನ್ನು ನೋಡಿದ, ಸಿಹಿ ಎಂದ. ಬೇವನ್ನು ನೋಡಿದ, ಕಹಿ ಎಂದ. ಹುಣಸೆಯನ್ನು ನುಂಗಿ, ಹಲ್ಲೇ ಇಲ್ಲದವನು ಹಲ್ಲು ಚುಳ್ಳೆಂದಿತು ಎಂದ. ಕಹಿ ಆದರೂ ಹೆಸರು ಸಿಗುತ್ತಿತ್ತು, ಹುಳಿ ಆದರೂ ಹೆಸರು ಸಿಗುತ್ತಿತ್ತು. ಹಾಗಾಗಿ ಹೊಸ ಮರಗಳಿಗೆ ಭಯ ಏನೂ ಇರಲಿಲ್ಲ.

ಹೊಳೆ ತಿರುಗುವ ಜಾಗದಲ್ಲಿ ಅವಳು ಹುಟ್ಟಿದ್ದು ಆಗ. ಯಾವುದೋ ಹಕ್ಕಿ ಎಲ್ಲೋ ತಿಂದು ಇಲ್ಲಿ ಹಾಕಿಹೋದ ಬೀಜ. ತಾಯಿ ಯಾರೆಂದು ಅವಳಿಗೆ ಗೊತ್ತಿಲ್ಲ, ಕುಲ ಯಾವುದೆಂದು ಗೊತ್ತಿಲ್ಲ. ಕೇಳಿದರೆ ಯಾರೂ ಹೇಳಲೂ ಇಲ್ಲ. ನೀರಿನ ಪಕ್ಕ ಇದ್ದುದರಿಂದ ಬೇಗ ಬೆಳೆದಳು. ನಸುಬಿಳಿ ತೊಗಟೆ, ಅಗಲವಾದ ನೆರಳು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಗಾಳಿ ಹೇಳದೆ ಕೇಳದೆ ಬಂದು ಮೈ ಅಲ್ಲಾಡಿಸಿದರೆ ಕೊಂಬೆ ಬೀಸಿ ಹೊಡೆಯುತ್ತಿದ್ದಳು.

ಆಗ ಅವಳ ಹೂವು ಹೊರಗೇ ಇತ್ತು. ಸಣ್ಣ ಸಣ್ಣ ಹೂವು, ನಸುಗೆಂಪು ಬಣ್ಣ, ಕೊಂಬೆಯ ಮೇಲೂ ಕಾಂಡದ ಮೇಲೂ ಗೊಂಚಲು ಗೊಂಚಲು. ಆ ಹೂವನ್ನು ನೋಡಿಕೊಂಡು ಅವಳು ಒಳಗೊಳಗೇ ಬೀಗುತ್ತಿದ್ದಳು. ಅವಳಿಗೆ ಒಂದು ವಿಚಿತ್ರ ಅಭ್ಯಾಸ. ಮಾವಿನ ಹಾಗೆ ಎಲ್ಲವನ್ನೂ ಒಟ್ಟಿಗೆ ಹಣ್ಣು ಮಾಡುವವಳಲ್ಲ. ಒಂದು ಕಡೆ ಹೂವು, ಒಂದು ಕಡೆ ಕಾಯಿ, ಬುಡದ ಹತ್ತಿರ ಆಗಲೇ ಹಣ್ಣು. ತನಗೆ ಇಷ್ಟ ಬಂದಂತೆ, ಇಷ್ಟ ಬಂದ ಜಾಗದಲ್ಲಿ.

ಹೆಸರಿಡುವ ದಿನ ಬಂತು. ಎಲ್ಲರೂ ಬಂಡೆಯ ಸುತ್ತ ಸೇರಿದರು. ಹಿರಿಯರಾಗಿ ಮುಂದೆ ಕೂತವರು ಮೂವರು: ಆಲದಜ್ಜ, ಅರಳಿಯಣ್ಣ, ಬಸರಿಯಕ್ಕ. ಮೂವರಿಗೂ ಹೆಸರು ಸಿಕ್ಕಿ ಬಹಳ ಕಾಲವಾಗಿತ್ತು. ದೂರದಲ್ಲಿ, ಬಿಸಿಲಿನ ದಿಬ್ಬದ ಮೇಲೆ, ಮುಳ್ಳಿನ ಕಳ್ಳಿ ಒಬ್ಬಳೇ ನಿಂತಿದ್ದಳು. ಅವಳನ್ನು ಯಾರೂ ಹತ್ತಿರ ಕೂರಿಸಿಕೊಳ್ಳುತ್ತಿರಲಿಲ್ಲ.

ಹೂವು ತೋರಿಸು, ಹಣ್ಣು ಕೊಡು, ಹೆಸರು ತಗೋ ಎಂದು ಎಲ್ಲರೂ ಹೇಳಿದರು. ಅವಳು ಹೂವು ತೋರಿಸಿದಳು. ಜಿಂಕೆಗಳು ಮೂಸಿ ನೋಡಿ ಚೆನ್ನಾಗಿದೆ ಎಂದವು. ಮಂಗಟ್ಟೆ ಅವತ್ತು ಬೆಳಿಗ್ಗೆಯೇ ಹಲಸಿಗೆ ಹೆಸರಿಟ್ಟು ಬಂದಿದ್ದ, ಹೊಟ್ಟೆ ಭಾರ, ಕಣ್ಣಲ್ಲಿ ನಿದ್ದೆ. ಹಾರಿಹೋಗಿ ತುತ್ತತುದಿಯಲ್ಲಿ ಕೂತು, ಕೊಕ್ಕಿಗೆ ಹತ್ತಿರವಿದ್ದುದನ್ನು ಹಿಡಿದ. ಅದು ಕಾಯಿ. ಕಡು ಹಸಿರು ಕಾಯಿ.

ಅವಳು ಹೇಳಿದಳು. ಮರ್ಯಾದೆಯಿಂದಲೇ ಹೇಳಿದಳು.

“ಯಜಮಾನ್ರೇ, ಅದು ಇನ್ನೂ ಕಾಯಿ. ಕೆಳಗೆ ಬುಡದ ಹತ್ರ ಹಣ್ಣಾಗಿರೋದಿದೆ, ಅದನ್ನ ನೋಡಿ.”

ಮಂಗಟ್ಟೆ ಕೆಳಗೆ ನೋಡಲೂ ಇಲ್ಲ. ರುಚಿ ನೋಡುವವನು ತುದಿಯ ಹಣ್ಣನ್ನೇ ತಿನ್ನುವುದು, ಬುಡಕ್ಕೆ ಬಗ್ಗುವುದು ಅವನ ಪದ್ಧತಿ ಅಲ್ಲ ಎಂದ. ನಿನ್ನೆ ಮೊನ್ನೆ ಹುಟ್ಟಿದವರು ಹಿರಿಯರಿಗೆ ತಿನ್ನುವುದನ್ನು ಕಲಿಸುವ ಕಾಲ ಬಂತು ಎಂದು ಒಂದು ಮಾತು ಸೇರಿಸಿದ. ಸಭೆ ನಕ್ಕಿತು. ಕಾಯಿ ತೊಟ್ಟು ಬಿಡಲಿಲ್ಲ, ಅವನು ಅದನ್ನು ಕಚಕ್ಕನೆ ಕಚ್ಚಿದ.

ಕಾಯಿಯಿಂದ ಹಾಲು ಚಿಮ್ಮಿತು. ಬೆಳ್ಳನೆಯ, ಅಂಟಂಟು ಹಾಲು. ಅದು ಕೊಕ್ಕಿನ ಎರಡು ಹೋಳಿಗೂ ಮೆತ್ತಿಕೊಂಡು ಬಿಗಿಯಾಗಿ ಒಣಗಿತು. ಮಂಗಟ್ಟೆಯ ಬಾಯಿ ಮುಚ್ಚಿಹೋಯಿತು. ಅಷ್ಟು ದೊಡ್ಡ ಬಾಯಿ ಮುಚ್ಚಿಕೊಂಡು ಅವನು ತಲೆ ಒದರುತ್ತಾ ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ನೋಡಿ ಕೋತಿಗಳು ನಕ್ಕವು, ಅಳಿಲುಗಳು ಬಿದ್ದು ಬಿದ್ದು ನಕ್ಕವು. ಬಂಡೆಗೆ ಉಜ್ಜಿ ಉಜ್ಜಿ ಕೊಕ್ಕು ಬಿಡಿಸಿಕೊಂಡವನ ಮುಖ ಕೆಂಪಾಗಿತ್ತು. ನಗಿಸಿಕೊಂಡ ಯಜಮಾನನಿಗಿಂತ ಅಪಾಯದವನು ಬೇರೆ ಯಾರಿದ್ದಾನೆ?

“ಹಾಲು ಬರುತ್ತೆ ಇದರಲ್ಲಿ. ಇದು ಕಳ್ಳಿ ಜಾತಿ. ಕಳ್ಳಿಗೆ ಹೆಸರು ಆಗಲೇ ಇದೆ, ಇದಕ್ಕೆ ಇನ್ನೊಂದು ಬೇಡ. ಹೊಳೆ ದಂಡೆಲಿ ಕಳ್ಳಿಗೆ ಜಾಗವೂ ಇಲ್ಲ. ಮುಂಗಾರು ಬಂದಾಗ ಹೊಳೆ ತಗೊಂಡು ಹೋಗಲಿ.”

ಒಂದೇ ಹಣ್ಣು, ಒಂದೇ ಮಾತು. ಮುಗಿಯಿತು ಎಂದು ಎಲ್ಲರೂ ಏಳತೊಡಗಿದರು.

ದಿಬ್ಬದ ಮೇಲಿಂದ ಕಳ್ಳಿ ಕೂಗಿ ಹೇಳಿದಳು, ಇವಳು ನನ್ನವಳಲ್ಲ ಎಂದು. ನನ್ನ ಹಾಲು ಕಣ್ಣಿಗೆ ಬಿದ್ದರೆ ಸುಡುತ್ತದೆ, ಇವಳದು ಸುಡಲಿಲ್ಲ, ಅಂಟಿತು ಅಷ್ಟೆ. ನನಗೆ ಇಂಥ ಎಲೆ ಇಲ್ಲ, ಇಂಥ ಹಣ್ಣು ಇಲ್ಲ. ಸರಿಯಾಗಿ ನೋಡಿ ಎಂದಳು. ಕಳ್ಳಿಯ ಮಾತನ್ನು ಯಾರು ಕೇಳುತ್ತಾರೆ? ಮುಳ್ಳಿರುವವಳಿಗೆ ನ್ಯಾಯ ಬೇರೆ ಕೇಡು ಎಂದು ಗೊಣಗಿದರು.

ಗಾಳಿಗೆ ಮಾತ್ರ ಏನೋ ಅನುಮಾನ ಬಂತು. ಅವನು ಎಲ್ಲ ಮರದ ಎಲೆಯನ್ನೂ ಕಿತ್ತು ನೋಡಿದವನು. ಆಲದಜ್ಜನ ಹತ್ತಿರ ಹೋಗಿ, ಅಜ್ಜ, ನಿನ್ನ ಎಲೆ ಕಿತ್ತರೂ ಹಾಲು ಬರುತ್ತದಲ್ಲವಾ ಎಂದು ಕೇಳಿದ. ಆಲದಜ್ಜ ಗಡ್ಡ ನೀವಿಕೊಂಡು ಆ ಕಡೆ ನೋಡಿದ. ಅರಳಿಯಣ್ಣನನ್ನು ಕೇಳಿದ. ಅರಳಿಯಣ್ಣನ ಎಲೆಗಳೆಲ್ಲ ಥರಥರ ನಡುಗಿದವು. ಬಸರಿಯಕ್ಕ ತನಗೆ ಕಿವಿ ಮಂದ ಎಂದಳು. ನಿನ್ನೆಯವರೆಗೂ ಅವಳ ಕಿವಿ ಚೆನ್ನಾಗಿಯೇ ಇತ್ತು.

ಆಗ ಅವಳಿಗೆ ಎಲ್ಲ ಗೊತ್ತಾಯಿತು. ತನ್ನ ಕುಲ ಯಾವುದು, ತನ್ನವರು ಯಾರು ಎಂದು ಗೊತ್ತಾಯಿತು. ತನ್ನವರು ಇಲ್ಲೇ ಎದುರಿಗೆ ಕೂತಿದ್ದರು. ಇವರಿಗೆ ಹೆಸರಿಟ್ಟ ದಿನ ಮಂಗಟ್ಟೆ ಎಂದಿನಂತೆ ಹಣ್ಣನ್ನು ಇಡಿಯಾಗಿ ನುಂಗಿದ್ದ, ಹಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಹಾಲಿನ ಮಾತು ಎತ್ತಿದರೆ ತಮ್ಮ ಹೆಸರಿಗೇ ಕುತ್ತು ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದರು.

ಮಂಗಟ್ಟೆಯ ಮೇಲಿನ ಸಿಟ್ಟು ಒಂದು ಸಿಟ್ಟೇ ಅಲ್ಲ ಅನ್ನಿಸುವಂಥ ಸಿಟ್ಟು ಅವಳಿಗೆ ಬುಡದಿಂದ ಎದ್ದು ಬಂತು. ಅವನು ತಿಳಿಯದೆ ಹೇಳಿದ. ಇವರು ತಿಳಿದು ಸುಮ್ಮನಿದ್ದರು.

“ಅಜ್ಜ, ನಿನ್ನ ಎಲೆ ಒಂದು ಕಿತ್ತು ತೋರಿಸು ಸಾಕು” ಎಂದಳು.

“ತಂಗಿ, ದನಿ ತಗ್ಗಿಸು. ನಮ್ಮ ಹೆಸರೂ ಹೋದ್ರೆ ನಿನಗೇನು ಸಿಗುತ್ತೆ? ಒಬ್ಬಳು ಹೋಗ್ತೀಯ. ನಾವು ಮೂವರೂ ಉಳೀತೀವಿ. ಕುಲ ಉಳೀತು ಅಂದ್ಕೋ.”

ತಂಗಿ ಎಂದ ನೋಡು. ಹೆಸರು ಕೊಡಿಸಲಾರದ ಬಾಯಲ್ಲಿ ತಂಗಿ ಎಂದ. ಅವಳ ಮೈಯೆಲ್ಲ ಅದುರಿತು. ಬುಡದಲ್ಲಿದ್ದ ಹಣ್ಣೆಲ್ಲ ಉದುರಿ ನೆಲಕ್ಕೆ ಬಿದ್ದವು. ಕಳ್ಳಿಯ ಹಣ್ಣು ತಿಂದರೆ ಬಾಯಿ ಸುಡುತ್ತದೆ ಎಂದು ಒಂದು ಪ್ರಾಣಿಯೂ ಅದನ್ನು ಮೂಸಲಿಲ್ಲ.

“ನನ್ನ ಹೂವು ನೋಡಿ ಚೆನ್ನಾಗಿದೆ ಅಂದ್ರಲ್ಲ, ಇನ್ನು ನೋಡ್ಬೇಡಿ. ಈ ಸಭೆಗೆ ನಾನು ಹೂವು ತೋರಿಸಲ್ಲ” ಎಂದಳು.

ಹೇಳಿದವಳು ಮಾಡಿಯೂಬಿಟ್ಟಳು. ಕೊಂಬೆಯ ಮೇಲಿನ ಹೂವು, ಕಾಂಡದ ಮೇಲಿನ ಹೂವು, ಒಂದನ್ನೂ ಬಿಡದೆ ಒಳಕ್ಕೆ ಎಳೆದುಕೊಂಡಳು. ಗೊಂಚಲು ಗೊಂಚಲನ್ನೇ ಮುಷ್ಟಿ ಕಟ್ಟಿದ ಹಾಗೆ ಒಳಗೆ ಮಡಚಿ ಬಿಗಿದಳು. ಒಂದೊಂದು ಮುಷ್ಟಿಯೂ ಒಂದೊಂದು ಕಾಯಿಯಾಯಿತು. ಎಷ್ಟು ಬಿಗಿದರೂ ತುದಿಯಲ್ಲಿ ಸಾಸಿವೆ ತೂರದಷ್ಟು ಸಣ್ಣ ಕಿಂಡಿ ಉಳಿಯಿತು. ಮಂಗಟ್ಟೆಯ ಕೊಕ್ಕು ಅದರೊಳಕ್ಕೆ ಹೋಗುವಂತಿರಲಿಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

ಸಭೆ ಚೆದುರಿತು. ಅವಳು ಒಬ್ಬಳೇ ಉಳಿದಳು.

ಬಿಸಿಲು ಏರುತ್ತಾ ಹೋಯಿತು. ಮುಂಗಾರು ಹತ್ತಿರವಾಗುತ್ತಾ ಬಂತು. ಬೇರಿನ ಸುತ್ತ ಮಣ್ಣು ಸಡಿಲವಾಗುವುದು ಅವಳಿಗೆ ತಿಳಿಯುತ್ತಿತ್ತು. ಹೆಸರಿಲ್ಲದವಳನ್ನು ಹಿಡಿದಿಡುವ ಹಾಗಿಲ್ಲ ಕಣಮ್ಮ ಎಂದು ನೆಲ ಬೇಜಾರಿನಿಂದಲೇ ಹೇಳಿತು. ಅವಳು ನೆಲದ ಮೇಲೂ ಸಿಡುಕಿದಳು.

ಜೇನುಹುಳುಗಳು ಬಂದವು. ಹೂವು ಎಲ್ಲಿ ಎಂದು ಸುತ್ತಿ ಸುತ್ತಿ ಹುಡುಕಿದವು, ಕಾಯಿಗೆ ತಲೆ ಡಿಕ್ಕಿ ಹೊಡೆದು ವಾಪಸು ಹೋದವು. ಚಿಟ್ಟೆಗಳು ಬಂದು ಹೋದವು. ಹೂವಿನ ಹತ್ತಿರ ಯಾರೂ ಬರದೆ ಕಾಯಿ ಹಣ್ಣಾಗುತ್ತದೆಯೇ? ಅವಳ ಕಾಯಿಗಳು ಹಸಿರಾಗಿಯೇ ಉದುರತೊಡಗಿದವು. ಬೆಳಿಗ್ಗೆ ಎದ್ದರೆ ಬುಡದಲ್ಲಿ ರಾಶಿ. ಅದನ್ನು ನೋಡಿ ಅವಳ ಸಿಟ್ಟು ಇನ್ನಷ್ಟು ಏರಿತು. ಸಿಟ್ಟು ಏರಿದಷ್ಟೂ ಮುಷ್ಟಿ ಬಿಗಿಯಾಯಿತು. ಬಿಗಿಯಾದಷ್ಟೂ ಕಾಯಿ ಉದುರಿತು.

ಗಿಳಿ ರಾಜಿ ಮಾಡಿಸಲು ಬಂತು. ಗಿಳಿಯ ಬಾಯಿ ಸಿಹಿ. ಯಜಮಾನರ ಕಾಲಿಗೆ ಬಿದ್ದು ತಪ್ಪಾಯಿತು ಎಂದರೆ ಇನ್ನೊಂದು ಸಲ ರುಚಿ ನೋಡುತ್ತಾರಂತೆ ಎಂದಿತು. ಹೂವನ್ನು ಹೊರಗೆ ಹಾಕಬೇಕಂತೆ, ತುದಿಯ ಹಣ್ಣನ್ನೇ ಕೊಡಬೇಕಂತೆ, ಆಲದಜ್ಜನನ್ನು ಸಭೆಯಲ್ಲಿ ಕೇಳಿದ್ದಕ್ಕೆ ಅವನಿಗೂ ಒಂದು ಮಾತು ಕ್ಷಮೆ ಕೇಳಬೇಕಂತೆ. ಜೀವ ದೊಡ್ಡದಲ್ಲವೇನೇ ಎಂದು ಗಿಳಿ ಬುದ್ಧಿ ಹೇಳಿತು.

ಅವಳಿಗೂ ಬದುಕುವ ಆಸೆ ಇತ್ತು. ಯಾರಿಗಿಲ್ಲ? ಹೊಳೆಯ ತಿರುವಿನಲ್ಲಿ ನಿಂತು ಇನ್ನೂ ಎಷ್ಟೋ ಮಳೆ ನೋಡಬೇಕು, ಮೈತುಂಬ ಹಣ್ಣು ಬಿಡಬೇಕು, ಯಾರಾದರೂ ಒಬ್ಬರು ತಿಂದು ಚೆನ್ನಾಗಿದೆ ಅನ್ನಬೇಕು ಎಂಬ ಆಸೆ ಬೇಕಾದಷ್ಟಿತ್ತು. ಆದರೆ ತಪ್ಪು ಮಾಡದೆ ತಪ್ಪಾಯಿತು ಅನ್ನುವುದು ಅವಳಿಂದ ಆಗಲಿಲ್ಲ. ಗಿಳಿಯನ್ನು ಕೊಂಬೆಯಿಂದ ಕೊಡವಿದಳು. ಗಿಳಿ ಬೈದುಕೊಂಡು ಹೋಯಿತು.

ಅದರ ಮಾರನೆಯ ದಿನ ಒಂದು ನುಸಿ ಬಂತು. ಎಷ್ಟು ಸಣ್ಣ ನುಸಿ ಎಂದರೆ, ಎಲೆಯ ಮೇಲೆ ಕೂತರೂ ಎಲೆಗೆ ತಿಳಿಯದು. ಹೆಸರಿಡುವ ಸಭೆಗೆ ಅದನ್ನು ಯಾರೂ ಕರೆದಿರಲಿಲ್ಲ. ಮೈತುಂಬ ಮೊಟ್ಟೆ ಹೊತ್ತ ಬಸುರಿ ನುಸಿ. ಅದೂ ಸಿಟ್ಟಿನಲ್ಲೇ ಇತ್ತು.

ನುಸಿ ತನ್ನ ಕಷ್ಟ ಹೇಳಿಕೊಂಡಿತು. ಎಲ್ಲರಿಗೂ ಗೂಡಿದೆ, ಬಿಲವಿದೆ, ಪೊಟರೆಯಿದೆ. ತನಗೆ ಮಾತ್ರ ಇಲ್ಲ. ಎಲ್ಲಿ ಮೊಟ್ಟೆ ಇಟ್ಟರೂ ಗಾಳಿ ಒಂದೇ ಬೀಸಿಗೆ ಒರೆಸಿಕೊಂಡು ಹೋಗುತ್ತಾನೆ. ಬೈದರೆ, ನೀನು ಅಲ್ಲಿದ್ದುದೇ ಕಾಣಲಿಲ್ಲ ಎಂದು ನಗುತ್ತಾನೆ. ನಿನ್ನ ಕಾಯಿಗೊಂದು ಕಿಂಡಿ ಇದೆಯಲ್ಲಕ್ಕ, ಒಳಗೆ ಬರಲಾ ಎಂದು ಕೇಳಿತು.

ತನ್ನ ಹತ್ತಿರ ಬಂದು ಹೂವು ತೋರಿಸು ಅನ್ನದಿದ್ದುದು ಅದೊಂದೇ. ಒಳಗೆ ಬರಲಾ ಎಂದು ಕೇಳಿದ್ದೂ ಅದೊಂದೇ. ಅವಳ ದನಿ ತಾನಾಗಿಯೇ ಮೆತ್ತಗಾಯಿತು. ಬಾ ಎಂದಳು. ನುಸಿ ಕಿಂಡಿಯ ಹತ್ತಿರ ಹೋಗಿ ತಲೆ ತೂರಿಸಿತು. ತಲೆ ಹೋಯಿತು. ರೆಕ್ಕೆ ಹಿಡಿಯಲಿಲ್ಲ.

ನಿಲ್ಲು, ಬಾಗಿಲು ಅಗಲ ಮಾಡುತ್ತೇನೆ ಎಂದು ಅವಳು ಮುಷ್ಟಿ ಬಿಚ್ಚಲು ನೋಡಿದಳು. ಬಿಚ್ಚಲು ಆಗಲಿಲ್ಲ. ಅಷ್ಟು ದಿನ ಬಿಗಿದ ಸಿಟ್ಟು ಒಣಗಿ ಗಟ್ಟಿಯಾಗಿತ್ತು. ಬೇಕೆಂದಾಗ ಬಿಗಿದುಕೊಂಡದ್ದು ಬೇಕೆಂದಾಗ ಸಡಿಲಾಗಲಿಲ್ಲ. ಅವಳು ಮತ್ತೆ ಮತ್ತೆ ಪ್ರಯತ್ನಪಟ್ಟಳು. ಕಿಂಡಿ ಇದ್ದಷ್ಟೇ ಇತ್ತು.

“ಬೇಡ ಕಣೇ, ವಾಪಸ್ ಹೋಗು. ರೆಕ್ಕೆ ಕಿತ್ತುಹೋಗುತ್ತೆ. ಒಳಗೆ ಹೋದ್ರೆ ಹೊರಗೆ ಬರೋಕಾಗಲ್ಲ ನೀನು” ಎಂದಳು.

“ಹೊರಗಿದ್ದು ಎಷ್ಟು ಮಕ್ಕಳನ್ನ ಕಳ್ಕೊಳ್ಳಲಿ, ಅಕ್ಕ? ರೆಕ್ಕೆ ಹೋದ್ರೆ ಹೋಗಲಿ. ನನ್ನ ಮಕ್ಕಳಿಗೆ ರೆಕ್ಕೆ ಬರೋವರೆಗೂ ಈ ಬಾಗಿಲು ಯಾರಿಗೂ ತೆಗೀಬೇಡ.”

ನುಸಿ ಮುಂದಕ್ಕೆ ನುಗ್ಗಿತು. ರೆಕ್ಕೆಗಳೆರಡೂ ಕಿಂಡಿಯ ಬಾಯಲ್ಲೇ ಮುರಿದು ಉಳಿದವು. ಒಳಗೆ ಕತ್ತಲಲ್ಲಿ ಆ ನಸುಗೆಂಪು ಹೂವುಗಳ ನಡುವೆ ಅದು ಓಡಾಡಿತು. ಯಾರೂ ಮುಟ್ಟದ ಹೂವನ್ನೆಲ್ಲ ಮುಟ್ಟಿತು. ಮೊಟ್ಟೆ ಇಟ್ಟಿತು. ಆಮೇಲೆ ಅಲ್ಲೇ ಒರಗಿ ಕಣ್ಣು ಮುಚ್ಚಿತು.

ಅವಳು ಅಷ್ಟು ದಿನ ಮಂಗಟ್ಟೆಯನ್ನು ಬೈದಿದ್ದಳು, ಆಲದಜ್ಜನನ್ನು ಬೈದಿದ್ದಳು, ನೆಲವನ್ನು, ಗಿಳಿಯನ್ನು ಬೈದಿದ್ದಳು. ಅವತ್ತು ತನ್ನನ್ನೇ ಬೈದುಕೊಂಡಳು. ತನ್ನ ಬಿಗಿತಕ್ಕೆ ಆ ಸಣ್ಣ ಜೀವದ ರೆಕ್ಕೆ ಹೋಯಿತಲ್ಲ ಎಂದು ಅವಳಿಗೆ ತಡೆಯಲಾರದ ದುಃಖವಾಯಿತು. ಆ ದುಃಖವೂ ಸಿಟ್ಟಿನ ಹಾಗೇ ಸುಡುತ್ತಿತ್ತು.

ಸುದ್ದಿ ನುಸಿಯಿಂದ ನುಸಿಗೆ ಹೋಯಿತು. ಬೇರೆ ಬಸುರಿ ನುಸಿಗಳು ಬಂದವು. ಒಂದೊಂದು ಕಾಯಿಯ ಬಾಗಿಲಲ್ಲೂ ರೆಕ್ಕೆ ಬಿಟ್ಟು ಒಳಗೆ ಹೋದವು. ಕಾಯಿ ಉದುರುವುದು ನಿಂತಿತು. ಬುಡದ ಕಾಯಿ ಮೊದಲು ಬಣ್ಣ ತಿರುಗಿತು, ಆಮೇಲೆ ಕಾಂಡದ ಮೇಲಿನವು. ಹಸಿರು ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಕೆಂಪು. ಮೈತುಂಬ ಗೊಂಚಲು ಗೊಂಚಲು ಹಣ್ಣು. ತಿನ್ನುವವರು ಯಾರೂ ಬರಲಿಲ್ಲ. ಕಳ್ಳಿ ಜಾತಿ ಎಂಬ ಮಾತು ಹಾಗೇ ಇತ್ತು.

ಅಷ್ಟರಲ್ಲಿ ಮುಂಗಾರು ಬಂತು.

ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಗುಡುಗಿತು. ಮೇಲಿನ ಬೆಟ್ಟದಲ್ಲಿ ಮಳೆ ಸುರಿದು ಹೊಳೆ ಕೆಂಪಗೆ ಉಕ್ಕಿ ಬಂದಳು. ದಂಡೆ ಹತ್ತಿದಳು, ಹಾಸುಬಂಡೆಯನ್ನು ಮುಳುಗಿಸಿದಳು, ತಿರುವಿಗೆ ಬಂದಳು. ಆಲದಜ್ಜ, ಅರಳಿಯಣ್ಣ, ಬಸರಿಯಕ್ಕ ಎತ್ತರದಲ್ಲಿ ನಿಂತು ನೋಡುತ್ತಿದ್ದರು. ಮಂಗಟ್ಟೆಯೂ ಬಂದು ಆಲದಜ್ಜನ ತುದಿಯಲ್ಲಿ ಕೂತಿದ್ದ. ತನ್ನ ಮಾತು ನಡೆಯುವುದನ್ನು ನೋಡಲು ಅವನಿಗೆ ನಿದ್ದೆ ಬರಲಿಲ್ಲ.

ಕಿತ್ತುಕೊಂಡು ಹೋಗುವುದು ತನಗೂ ಇಷ್ಟವಿಲ್ಲ ಎಂದು ಹೊಳೆಯಮ್ಮ ಹೇಳಿದಳು. ಏನು ಮಾಡಲಿ, ಹೆಸರಿಲ್ಲವಲ್ಲ, ಕಟ್ಟಳೆ ಎಂದಳು. ನಿನ್ನ ಕಟ್ಟಳೆ ನಿನ್ನ ಹತ್ತಿರವೇ ಇರಲಿ, ಕೀಳುವುದಾದರೆ ಮಾತಿಲ್ಲದೆ ಕೀಳು ಎಂದು ಅವಳು ರೇಗಿದಳು. ಆದರೆ ಬೇರುಗಳನ್ನೆಲ್ಲ ಒಟ್ಟುಮಾಡಿ ಇದ್ದ ಬದ್ದ ಕಲ್ಲಿಗೆಲ್ಲ ಸುತ್ತಿಕೊಂಡಳು. ಒಳಗೆ ಎಷ್ಟೋ ನುಸಿಯ ಮಕ್ಕಳಿಗೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಈಗ ಬಿದ್ದರೆ ಅವೆಲ್ಲ ನೀರುಪಾಲು.

ಹೊಳೆ ಬುಡಕ್ಕೆ ಬಾಯಿ ಹಾಕಿ ಎಳೆದಳು. ನೆಲ ಕೈಬಿಟ್ಟಿತು. ಮರ ವಾಲಿತು. ವಾಲಿದ ರಭಸಕ್ಕೆ ಬುಡದ ಹತ್ತಿರದ ಹಣ್ಣುಗಳಲ್ಲಿ ಪೂರ್ತಿ ಮಾಗಿ, ಮರಿಗಳು ಆಗಲೇ ಹಾರಿಹೋಗಿ ಖಾಲಿಯಾಗಿದ್ದಂಥವು ದಬದಬನೆ ಹೊಳೆಯ ಬಾಯಿಗೇ ಬಿದ್ದವು. ತುದಿಯ ಹಣ್ಣಲ್ಲ. ಬುಡದ ಹಣ್ಣು.

ಹೊಳೆ ಎಳೆಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದುದನ್ನು ಆ ಕಡೆ ಈ ಕಡೆ ಹೊರಳಿಸಿದಳು. ಇನ್ನೊಂದು ಕೊಡು ಎಂದಳು. ಮರ ಕೊಡಲಿಲ್ಲ, ಹಣ್ಣು ತಾನಾಗಿಯೇ ಬಿತ್ತು. ಅದನ್ನೂ ತಿಂದಳು. ಎಷ್ಟೋ ಹೊತ್ತು ಹೊಳೆ ಮಾತಾಡದೆ ಇದ್ದದ್ದು ಲೋಕ ಹುಟ್ಟಿದ ಮೇಲೆ ಅದೇ ಮೊದಲು.

ಆಮೇಲೆ ಎಲ್ಲರಿಗೂ ಕೇಳುವ ಹಾಗೆ ರುಚಿ ಹೇಳಿದಳು. ಮೊದಲು ಬಾಯಿಗೆ ಹಾಕಿಕೊಂಡಾಗ ಏನೂ ಇಲ್ಲ ಅನ್ನಿಸುತ್ತದೆ, ಅವಸರದವರು ಅಲ್ಲೇ ಉಗಿದುಬಿಡುತ್ತಾರೆ ಎಂದಳು. ತಾಳಿದರೆ ಸಣ್ಣಗೆ ಸಿಹಿ ಬರುತ್ತದೆ. ಮಾವಿನ ಹಾಗೆ ಮೈಮೇಲೆ ಬೀಳುವ ಸಿಹಿಯಲ್ಲ, ಕೇಳಿದರೆ ಮಾತ್ರ ಮಾತಾಡುವ ಸಿಹಿ. ಒಳಗಿನ ಬೀಜ ಕಟುಮ್ ಎಂದಾಗ ಹುರಿದ ಕಾಳಿನ ಘಮ. ಎಲ್ಲ ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಒಂದು ಒಗರು ಉಳಿಯುತ್ತದೆ.

“ಈ ಒಗರು ನನಗೆ ಗೊತ್ತು. ಆಲದ ಹಣ್ಣು ನನ್ನ ನೀರಿಗೆ ಬಿದ್ದಾಗ ಇದೇ ಒಗರು. ಅರಳಿದು ಬಿದ್ದಾಗ ಇದೇ. ಬಸರಿದೂ ಇದೇ. ಇವಳು ನಿಮ್ಮವಳು. ನಿಮಗೆ ಗೊತ್ತಿತ್ತು. ನನ್ನ ಕೈಲಿ ಕೀಳಿಸೋಕೆ ನಿಂತಿದ್ರಿ.”

ಎತ್ತರದಲ್ಲಿದ್ದ ಮೂವರೂ ತಲೆ ತಗ್ಗಿಸಿದರು. ಆಲದಜ್ಜನ ಗಡ್ಡ ನೆಲ ಮುಟ್ಟುವವರೆಗೂ ಇಳಿಯಿತು. ಮಂಗಟ್ಟೆ ಮಾತ್ರ ಬಿಡಲಿಲ್ಲ. ಹೂವು ತೋರಿಸಿಲ್ಲ, ತುದಿಯ ಹಣ್ಣು ತಿಂದಿಲ್ಲ, ಇವಳಿಗೆ ಹೆಸರು ಸಲ್ಲುವುದಿಲ್ಲ ಎಂದು ಕಿರುಚಿದ. ನೀನು ತುದಿಯಲ್ಲಿ ಕೂತು ಕಾಯಿ ತಿಂದೆ, ನಾನು ಬುಡದಲ್ಲಿ ನಿಂತು ಹಣ್ಣು ತಿಂದೆ, ಕೀಳಬೇಕಾದವಳು ನಾನು, ನಾನು ಕೀಳುವುದಿಲ್ಲ ಎಂದಳು ಹೊಳೆಯಮ್ಮ. ಅವಳೇ ಹೆಸರು ಕರೆದಳು: ಅತ್ತಿ. ಗಾಳಿ ಅದನ್ನು ಎತ್ತಿಕೊಂಡು ಊರೆಲ್ಲ ಸಾರಿದ. ನೆಲ ತಟ್ಟನೆ ಬೇರನ್ನು ಹಿಡಿಯಿತು. ಹೊಳೆ ಇಳಿದುಹೋಗುವಾಗ ಅತ್ತಿಯ ಬೇರಿನ ಹತ್ತಿರ ಒಂದಿಷ್ಟು ನೀರು ಇಟ್ಟೇ ಹೋದಳು. ಅತ್ತಿ ಇರುವ ಕಡೆ ನೆಲದಡಿ ನೀರಿದೆ ಎಂದು ಬಾವಿ ತೋಡುವವರು ಈಗಲೂ ಹೇಳುವುದು ಅದಕ್ಕೇ.

ಮಳೆ ನಿಂತ ಮೇಲೆ ನೆಂಟರೆಲ್ಲ ಬಂದರು. ಹೆಸರು ಬಂದ ಮೇಲೆ ನೆಂಟರಿಗೇನು ಬರ? ಆಲದಜ್ಜ ಬಂದ, ನಮ್ಮ ಮನೆ ಹೆಣ್ಣುಮಗಳು ಎಂದ. ಜಿಂಕೆ, ಕೋತಿ, ಅಳಿಲು ಎಲ್ಲ ಬಂದು ಹಣ್ಣು ತಿಂದವು, ಮೊದಲೇ ಗೊತ್ತಿತ್ತು ಎಂದವು. ಮಂಗಟ್ಟೆಯೂ ಬಂದ. ತುದಿಯಿಂದ ಇಳಿದು, ಕಾಂಡಕ್ಕೆ ಆತುಕೊಂಡು, ಕುತ್ತಿಗೆ ಬಗ್ಗಿಸಿ ಬುಡದ ಹಣ್ಣು ತಿಂದ. ಅತ್ತಿ ಯಾರಿಗೂ ಇಲ್ಲ ಅನ್ನಲಿಲ್ಲ. ತಿನ್ನಿ ಎಂದಳು. ದಿಬ್ಬದ ಮೇಲಿನ ಕಳ್ಳಿಯ ಹತ್ತಿರ ಮಾತ್ರ ತಾನಾಗಿ ಮಾತಾಡಿದಳು, ನೀನೊಬ್ಬಳೇ ನಿಜ ಹೇಳಿದೆ ಎಂದಳು.

ಆಲದಜ್ಜ ಸುಮ್ಮನಿರಬಾರದೆ? ಎಲ್ಲ ಸರಿಹೋಯಿತಲ್ಲ ತಂಗಿ, ಇನ್ನಾದರೂ ಹೂವು ಹೊರಗೆ ಹಾಕು, ಹೆಸರಿರುವ ಮರ ಹೂವಿಲ್ಲದೆ ನಿಂತರೆ ನೋಡಿದವರು ಏನಂದಾರು, ಎಷ್ಟು ದಿನ ಈ ಸಿಟ್ಟು ಎಂದ.

“ಸಿಟ್ಟು ಎಷ್ಟು ದಿನ ಅಂತ ಸಿಟ್ಟು ತರಿಸಿದವರು ಕೇಳ್ಬಾರದು, ಅಜ್ಜ. ನಿಮಗೆ ಹೆಸರು ಬೇಕಿತ್ತು, ಉಳಿಸ್ಕೊಂಡ್ರಿ. ಈ ಬಾಗಿಲೊಳಗೆ ನನ್ನ ನಂಬಿ ರೆಕ್ಕೆ ಬಿಟ್ಟವಳು ಮಲಗಿದ್ದಾಳೆ. ಅವಳ ಮಕ್ಕಳು ಬಿಚ್ಚಬೇಕು ಇದನ್ನ. ನಿಮಗೋಸ್ಕರ ನಾನು ತೆಗೆಯಲ್ಲ.”

ಆಲದಜ್ಜ ಹಿಂದಿರುಗಿ ಹೋಗಿ ತನ್ನ ಹೂವನ್ನೂ ಒಳಗೆ ಎಳೆದುಕೊಂಡ. ಅರಳಿಯಣ್ಣ ಎಳೆದುಕೊಂಡ, ಬಸರಿಯಕ್ಕ ಎಳೆದುಕೊಂಡಳು. ಅವಳು ಮುಚ್ಚಿಕೊಂಡದ್ದು ಸಿಟ್ಟಿಗೆ, ಅವರು ಮುಚ್ಚಿಕೊಂಡದ್ದು ನಾಚಿಕೆಗೆ. ಅರಳಿಯ ಎಲೆಯ ನಡುಕ ಅವತ್ತಿನಿಂದ ನಿಂತೇ ಇಲ್ಲ, ಗಾಳಿ ಇಲ್ಲದಾಗಲೂ ನಡುಗುತ್ತದೆ, ಮತ್ತೆ ಯಾರಾದರೂ ಕೇಳಿಬಿಟ್ಟಾರೆಂದು.

ಆದ್ದರಿಂದಲೇ ಮಗೂ, ಹೊಳೆಯ ದಂಡೆಯಲ್ಲಿ ಬುಡದಿಂದ ಕೊಂಬೆಯವರೆಗೂ ಮೈತುಂಬ ಹಣ್ಣು ಹೊತ್ತು ನಿಂತ ಅತ್ತಿಮರದಲ್ಲಿ ನೀನು ಎಷ್ಟು ಹುಡುಕಿದರೂ ಒಂದು ಹೂವೂ ಕಾಣಿಸುವುದಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಚ್ಚಿದರೆ ಆ ಸಣ್ಣ ನುಸಿಗಳು ಹೊಸ ರೆಕ್ಕೆ ಬಿಚ್ಚಿಕೊಂಡು, ತಮ್ಮ ಅಮ್ಮನನ್ನು ಅಲ್ಲೇ ಒಳಗೆ ಬಿಟ್ಟು, ಒಂದೊಂದಾಗಿ ನಿನ್ನ ಮುಖದ ಮುಂದೆಯೇ ಹಾರಿಹೋಗುತ್ತವೆ.